ಲಿಪಿಡ್ ಡ್ರಾಪ್ಲೆಟ್‌ಗೆ ‘ಕೊಬ್ಬಿನ ಹನಿ’ ಅಂದರೆ ಸರಿಯಾ?

ನಮಸ್ಕಾರ. ಉಡುಪಿಯ ಒಂದು ಕನ್ನಡ ಮಾಧ್ಯಮ ಶಾಲೆಯ ಮಕ್ಕಳಿಗಾಗಿ ಜೀವಕೋಶದ ಪಾಠ ಬರೆಯುತ್ತಿದ್ದೇನೆ. ಲಿಪಿಡ್ ಡ್ರಾಪ್ಲೆಟ್ ಹತ್ತಿರ ಬಂದು ಪೆನ್ನು ನಿಂತಿದೆ. ಲಿಪಿಡ್ ಅಂದರೆ ಕೊಬ್ಬು, ಕೊಲೆಸ್ಟೆರಾಲ್ ಥರದ ವಸ್ತುಗಳು; ಕೋಶ ಅವನ್ನು ಕೂಡಿಡುವ ಪುಟ್ಟ ಹನಿಯೇ ಈ ಡ್ರಾಪ್ಲೆಟ್. ಮೊದಲು ‘ಕೊಬ್ಬಿನ ಹನಿ’ ಅಂತ ಬರೆದೆ. ಹುಡುಗನೊಬ್ಬ ಓದಿ, “ಜೀವಕೋಶಕ್ಕೂ ಕೊಬ್ಬು ಜಾಸ್ತಿ ಆಗ್ತದಾ ಸರ್?” ಅಂದ. ಇಡೀ ತರಗತಿ ನಕ್ಕಿತು.

ನಗು ಇರಲಿ, ನನ್ನ ತಕರಾರು ಬೇರೆ. ಆ ಹನಿಯಲ್ಲಿ ಬರೀ ಕೊಬ್ಬು ಇರುವುದಿಲ್ಲ. ಟ್ರೈಗ್ಲಿಸರೈಡ್ ಇರುತ್ತದೆ, ಅದನ್ನು ಕೊಬ್ಬು ಅನ್ನಬಹುದು. ಜೊತೆಗೆ ಕೊಲೆಸ್ಟೆರಾಲ್ ಎಸ್ಟರ್ ಕೂಡ ಇರುತ್ತದೆ. ಕೋಶದ ಪೊರೆಗೆ ಕೊಲೆಸ್ಟೆರಾಲ್ ಬೇಕೇ ಬೇಕು. ಆದರೆ ಬಿಡಿಯಾಗಿ ಜಾಸ್ತಿ ಉಳಿದರೆ ಅದೇ ವಿಷ. ಹಾಗಾಗಿ ಕೋಶ ಅದಕ್ಕೊಂದು ಕೊಬ್ಬಿನಾಮ್ಲ ಜೋಡಿಸಿ, ಎಸ್ಟರ್ ಮಾಡಿ, ಹನಿಯೊಳಗೆ ಕೂಡಿಡುತ್ತದೆ. ರಕ್ತನಾಳದ ಗೋಡೆ ಸೇರಿದ ಮ್ಯಾಕ್ರೋಫೇಜ್‌ಗಳಲ್ಲಿ (ಕಸ, ರೋಗಾಣು ನುಂಗುವ ರಕ್ಷಣಾ ಕೋಶಗಳು) ಇಂಥ ಹನಿಗಳು ತುಂಬಿ, ಸೂಕ್ಷ್ಮದರ್ಶಕದಲ್ಲಿ ಆ ಕೋಶಗಳು ನೊರೆಯ ಹಾಗೆ ಕಾಣುತ್ತವೆ. ಅವುಗಳ ಹೆಸರೇ ಫೋಮ್ ಸೆಲ್, ಅಂದರೆ ನೊರೆಕೋಶ. ಅಲ್ಲಿ ‘ಕೊಬ್ಬಿನ ಹನಿ’ ಅಂದರೆ ತಪ್ಪಾಗುತ್ತದೆ ಅಲ್ವಾ? ನಮ್ಮ ಅತ್ತಿಗೆ ರಕ್ತದ ವರದಿ ಹಿಡಿದು ಕೊಬ್ಬು, ಕೊಲೆಸ್ಟೆರಾಲ್ ಎರಡೂ ಒಂದೇ ಅನ್ನುತ್ತಾರೆ. ಅವರ ಜೊತೆ ವಾದ ಬೇಡ. ಆದರೆ ಪಾಠದಲ್ಲಿ ಹಾಗಾಗಬಾರದು.

‘ಜಿಡ್ಡಿನ ಹನಿ’ ಅನ್ನೋಣವಾ? ಎರಡೂ ಅದರೊಳಗೆ ಬರುತ್ತವೆ. ಆದರೆ ಜಿಡ್ಡುಗಟ್ಟಿದ್ದು ಅಂದರೆ ಕದಲದೆ ಬಿದ್ದಿರುವ ವಸ್ತು. ವಿಜ್ಞಾನಿಗಳೂ ಬಹಳ ಕಾಲ ಈ ಹನಿಯನ್ನು ಹಾಗೇ ಕಂಡಿದ್ದರು. 1991ರಲ್ಲಿ ಅದರ ಮೈಮೇಲೆ ಪೆರಿಲಿಪಿನ್ ಎಂಬ ಪ್ರೋಟೀನ್ ಸಿಕ್ಕಿತು. ಅದೊಂದು ಕಾವಲು: ಶಕ್ತಿ ಬೇಕೆಂದು ಹಾರ್ಮೋನ್ ಸೂಚನೆ ಕೊಟ್ಟಾಗ ಮಾತ್ರ ಕೊಬ್ಬು ಒಡೆಯುವ ಕಿಣ್ವಗಳಿಗೆ ದಾರಿ ಬಿಡುತ್ತದೆ. ಇಂಥದ್ದಕ್ಕೆ ಜಿಡ್ಡು ಅನ್ನಲು ಮನಸ್ಸು ಬರುವುದಿಲ್ಲ.

‘ಹನಿ’ ಮಾತ್ರ ಇರಲಿ. ‘ಗುಳ್ಳೆ’ ಬೇಡ, ಅದು ವೆಸಿಕಲ್‌ಗೆ, ಅಂದರೆ ಕೋಶದೊಳಗೆ ಸರಕು ಸಾಗಿಸುವ ಪೊರೆಯ ಚೀಲಕ್ಕೆ, ಸರಿ. ವೆಸಿಕಲ್ ಪೊರೆಗೆ ಎರಡು ಪದರ, ಇದಕ್ಕೆ ಒಂದೇ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ (ಕೋಶದೊಳಗಿನ ಪೊರೆಗಳ ಜಾಲ) ಪೊರೆಯ ಎರಡು ಪದರಗಳ ನಡುವೆ ಎಣ್ಣೆ ಸೇರಿ, ಪೂರಿಯ ಹಾಗೆ ಉಬ್ಬಿ, ಹೊರಗಿನ ಪದರವನ್ನೇ ಹೊದ್ದುಕೊಂಡು ಹನಿ ಹೊರಬರುತ್ತದೆ. ಬೂತಾಯಿ ಸಾರಿನ ಮೇಲೆ ತೇಲುವ ಎಣ್ಣೆ ನೋಡಿದ ನಮ್ಮೂರ ಮಕ್ಕಳಿಗೆ ‘ಹನಿ’ ಕೂಡಲೇ ಗೊತ್ತಾಗುತ್ತದೆ. ಸಾರಿನಲ್ಲಿ ಸೌಟು ಆಡಿಸಿದರೆ ಹನಿಗಳು ಒಂದಕ್ಕೊಂದು ಸೇರಿಬಿಡುತ್ತವೆ. ಕೋಶದಲ್ಲಿ ಅಷ್ಟು ಸುಲಭಕ್ಕೆ ಸೇರುವುದಿಲ್ಲ, ಆ ಪದರ ತಡೆಯುತ್ತದೆ.

ಇನ್ನೊಂದು ಪದ ‘ನೆಣ’. 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾದ ಕಿಟೆಲ್ ನಿಘಂಟಿನಲ್ಲೂ ಇದೆ. ತಮಿಳಿನ ‘ನಿಣಂ’ ಇದರ ನೆಂಟ. ನೆಣವೂ ಕೊಬ್ಬೇ, ಒಪ್ಪುತ್ತೇನೆ. ಆದರೆ ಬೈಗುಳಕ್ಕೆ ಸಿಕ್ಕಿಲ್ಲ, ದಿನದ ಮಾತಿನಲ್ಲಿ ಸವೆದಿಲ್ಲ. ‘ಲಿಪಿಡ್’ ಎಂಬ ಅಗಲದ ಅರ್ಥವನ್ನು ಅದಕ್ಕೆ ಕೊಡಬಹುದು. ನನಗೆ ‘ನೆಣಹನಿ’ ಕಿವಿಗೂ ಹಿಡಿಸಿದೆ.

ಕುಂದಾಪುರ, ಕಾಪು, ಉಳ್ಳಾಲ ಕಡೆಯವರು ಹೇಳಿ: ಮೀನಿನ, ಕುರಿಯ ಕೊಬ್ಬಿಗೆ ನಿಮ್ಮಲ್ಲಿ ಈಗಲೂ ‘ನೆಣ’ ಅನ್ನುವುದುಂಟಾ? ಅಥವಾ ಬೇರೆ ಮಾತು ಉಂಟಾ?