ಹಳೆಯ ಚಿತ್ರದಲ್ಲಿರುವುದು ಬ್ರೆನ್ ಗನ್ನೋ, ವಿಕರ್ಸ್-ಬರ್ತಿಯೇಯೋ?

ಹಳೆಕಾಗದ:
ನಮಸ್ಕಾರ. ಎರಡನೆಯ ಮಹಾಯುದ್ಧದ ಕಾಲದ ಭಾರತೀಯ ಸೇನೆಯ ಛಾಯಾಚಿತ್ರಗಳನ್ನೂ ತರಬೇತಿ ಕೈಪಿಡಿಗಳನ್ನೂ ಹತ್ತು ವರ್ಷಗಳಿಂದ ಸಂಗ್ರಹಿಸುತ್ತಿದ್ದೇನೆ. ಬೆಂಗಳೂರಿನ ಸಂಡೆ ಬಜಾರಿನಲ್ಲಿ ಕೊಂಡ, ಅಂಚು ಹರಿದ ಒಂದು ಚಿತ್ರದಲ್ಲಿ ಇಬ್ಬರು ಸಿಪಾಯಿಗಳು ಮಣ್ಣಿನ ದಿಬ್ಬದ ಹಿಂದೆ ಬೋರಲು ಮಲಗಿದ್ದಾರೆ. ಅವರ ಮುಂದಿರುವ ಲೈಟ್ ಮಷೀನ್ ಗನ್ನಿನ ನೆತ್ತಿಯ ಮೇಲೆ ಬಾಗಿದ ಮ್ಯಾಗಜೀನ್ (ಗುಂಡು ತುಂಬುವ ಪೆಟ್ಟಿಗೆ) ಇದೆ. ಮಾರಿದವರು ಇದನ್ನು ಬ್ರೆನ್ ಎಂದರು. ನನಗೆ ಅದು ವಿಕರ್ಸ್-ಬರ್ತಿಯೇ ಎಂಬ ಇನ್ನೊಂದು ಲೈಟ್ ಮಷೀನ್ ಗನ್ ಇರಬಹುದೆಂಬ ಅನುಮಾನ. ಗುರುತಿಸುವುದು ಹೇಗೆ? ಮ್ಯಾಗಜೀನ್ ಬಾಗಿರುವುದಾದರೂ ಏಕೆ?

ಗಡಿನಾಡಿಗ:
ನಿಮ್ಮ ಅನುಮಾನಕ್ಕೆ ಆಧಾರವಿದೆ. ಬ್ರಿಟನ್ ಸೇನೆ ಬ್ರೆನ್ ಅನ್ನು ಒಪ್ಪಿಕೊಂಡದ್ದು 1935ರಲ್ಲಿ. ಅದಕ್ಕೂ ಕೆಲವು ವರ್ಷ ಮೊದಲೇ ಭಾರತೀಯ ಸೇನೆ ವಿಕರ್ಸ್-ಬರ್ತಿಯೇಯನ್ನು ಆರಿಸಿಕೊಂಡಿತ್ತು ಮತ್ತು ಅದು ಕಲ್ಕತ್ತೆಯ ಬಳಿಯ ಇಶಾಪುರದ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಮೊದಲ ಮಾದರಿಯ ಬ್ರೆನ್ನಿನ ಎಡಬದಿಯಲ್ಲಿ, ಗುರಿ ನೋಡುವ ಹಿಂದಿನ ಸೈಟನ್ನು ಏರಿಸಿ ಇಳಿಸುವ ಗುಂಡನೆಯ ತಿರುಗಣೆ ಕಾಣುತ್ತದೆ. ವಿಕರ್ಸ್-ಬರ್ತಿಯೇಯಲ್ಲಿ ಅದರ ಬದಲು ಮಡಚಿ ಎತ್ತುವ ಪಟ್ಟಿಯಿದೆ. ಗನ್ನಿನ ಒಡಲೂ ತೆಳುವಾಗಿದೆ.

ಲೋಹಶಿಲ್ಪಿ:
ಮ್ಯಾಗಜೀನಿನ ಬಾಗಿಗೆ ಕಾರಣ ಈ ಎರಡೂ ಗನ್ನುಗಳು ಬಳಸುತ್ತಿದ್ದ .303 ಇಂಚು ಅಳತೆಯ ತೋಟಾ. ಅದರ ಬುಡದಲ್ಲಿ ಹೊರಚಾಚಿದ ಅಂಚು ಇರುವುದರಿಂದ, ಒಂದರ ಮೇಲೊಂದು ಪೇರಿಸಿದಾಗ ಬುಡದ ಕಡೆ ದಪ್ಪವಾಗಿ ಇಡೀ ಸಾಲು ತಾನಾಗಿಯೇ ಬಾಗುತ್ತದೆ. ಬ್ರೆನ್ನಿನ ಮೂಲವಾದ ಚೆಕೊಸ್ಲೊವಾಕಿಯಾದ ಜ಼ಡ್‌ಬಿ 26 ಅಂಚು ಚಾಚದ 7.92 ಮಿ.ಮೀ. ತೋಟಾ ಬಳಸುತ್ತಿದ್ದುದರಿಂದ ಅದರ 20 ಗುಂಡುಗಳ ಮ್ಯಾಗಜೀನ್ ನೇರವಾಗಿತ್ತು. ಬ್ರೆನ್ನಿನದರಲ್ಲಿ 30 ಗುಂಡು ಹಿಡಿದರೂ ಸ್ಪ್ರಿಂಗಿನ ಮೇಲೆ ಭಾರ ಬೀಳದಿರಲೆಂದು ಸೈನಿಕರು ಸಾಮಾನ್ಯವಾಗಿ 28 ಮಾತ್ರ ತುಂಬುತ್ತಿದ್ದರು. ತೋಟಾ ಬದಲಾದದ್ದು ಒಳಭಾಗವನ್ನೂ ಬದಲಿಸಿತು: ಬ್ರಿಟಿಷರ ಕಾರ್ಡೈಟ್ ಮದ್ದು ಹೆಚ್ಚು ಕಿಟ್ಟ ಬಿಡುತ್ತಿದ್ದುದರಿಂದ, ಗನ್ನಿಗೆ ಮುಂದಿನ ಗುಂಡನ್ನು ತಾನಾಗಿಯೇ ತುಂಬಿಸುವ ಪಿಸ್ಟನ್ನನ್ನು ತಳ್ಳುವ ಅನಿಲದ ರಂಧ್ರವನ್ನು ನಳಿಗೆಯ ತುದಿಯಿಂದ ಹಿಂದಕ್ಕೆ ಸರಿಸಬೇಕಾಯಿತು. ಒಂದು ಚಿಕ್ಕ ರಂಧ್ರದ ಜಾಗವನ್ನು ಹುಡುಕಲು ಅವರು ಪಟ್ಟ ಶ್ರಮ ನನಗೆ ಈ ಗನ್ನಿನ ಅತ್ಯಂತ ಸುಂದರ ಸಂಗತಿಯಾಗಿ ಕಾಣುತ್ತದೆ.

ಹಳೆಕಾಗದ:
ಭೂತಗನ್ನಡಿ ಹಿಡಿದು ನೋಡಿದೆ. ಎಡಬದಿಯಲ್ಲಿ ತಿರುಗಣೆಯಿಲ್ಲ, ಪಟ್ಟಿಯೊಂದು ನೆಟ್ಟಗೆ ನಿಂತಿದೆ. ಹಾಗಾದರೆ ನಿರ್ಧಾರವಾದಂತೆಯೇ? ಅದೇ ವ್ಯಾಪಾರಿ ಹಳೆಯ ಮ್ಯಾಗಜೀನ್ ಒಂದನ್ನೂ ಕೊಡುತ್ತೇನೆ ಎನ್ನುತ್ತಿದ್ದಾರೆ. ಕೊಳ್ಳಬಹುದೇ?

ಗಡಿನಾಡಿಗ:
ಆತುರ ಬೇಡ. 1941ರ ಎರಡನೆಯ ಮಾದರಿಯ ಬ್ರೆನ್ನಿನಲ್ಲಿಯೂ ತಿರುಗಣೆಯನ್ನು ಕೈಬಿಟ್ಟು ಪಟ್ಟಿಯನ್ನೇ ಇಟ್ಟಿದ್ದರು. ಆದ್ದರಿಂದ ಒಡಲಿನ ದಪ್ಪವನ್ನು ಇತರ ಚಿತ್ರಗಳೊಂದಿಗೆ ಹೋಲಿಸಿ ನೋಡಿ. ಚಿತ್ರ 1941ಕ್ಕಿಂತ ಹಿಂದಿನದೆಂದು ತಿಳಿದರೆ ಅನುಮಾನವೇ ಉಳಿಯದು.

ಮ್ಯಾಗಜೀನನ್ನು ದಯವಿಟ್ಟು ಮುಟ್ಟಬೇಡಿ. ಕುದುರೆ (ಟ್ರಿಗರ್) ಒತ್ತಿ ಹಿಡಿದಷ್ಟು ಹೊತ್ತೂ ಗುಂಡು ಹಾರಿಸುವ ಬಂದೂಕುಗಳು 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ನಿಷೇಧಿತ ಶಸ್ತ್ರಗಳು. ಅವನ್ನು ಹೊಂದಲು ಕೇಂದ್ರ ಸರ್ಕಾರದ ವಿಶೇಷ ಅನುಮತಿ ಬೇಕು. ಆ ಕಾಯಿದೆ ಬಿಡಿಭಾಗಗಳನ್ನೂ ಶಸ್ತ್ರವೆಂದೇ ಎಣಿಸುತ್ತದೆ. ಆ ಹಣಕ್ಕೆ ವಿಕರ್ಸ್-ಬರ್ತಿಯೇಯ ಒಂದು ಕೈಪಿಡಿ ಸಿಕ್ಕರೆ ಬಿಡದೆ ಕೊಳ್ಳಿ. ಸಿಪಾಯಿಯೊಬ್ಬನ ಎಣ್ಣೆಗೈ ಗುರುತು ಅದರ ಪುಟದ ಮೇಲಿದ್ದರೆ ಇನ್ನೂ ಒಳ್ಳೆಯದು.