ಕರಟದ ಇಂಗಾಲದಿಂದ ಹೈಡ್ರೋಜನ್ ಪೆರಾಕ್ಸೈಡ್: ರಿಂಗ್-ಡಿಸ್ಕಿನಲ್ಲಿ 88%, ಸೆಲ್‌ನಲ್ಲಿ 34% ಮಾತ್ರ ಏಕೆ?

ಕರಟದಮಸಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ತೆಂಗಿನ ಕರಟದಿಂದ ಮಾಡಿದ ಸಕ್ರಿಯ ಇಂಗಾಲವನ್ನು ನೈಟ್ರಿಕ್ ಆಮ್ಲದಲ್ಲಿ ಕುದಿಸಿ, ಅದರ ಮೇಲ್ಮೈಯಲ್ಲಿ ಆಮ್ಲಜನಕದ ಗುಂಪುಗಳನ್ನು ಕೂರಿಸಿ, ಆಮ್ಲಜನಕವನ್ನು ಎರಡು ಎಲೆಕ್ಟ್ರಾನುಗಳ ದಾರಿಯಲ್ಲಿ ಅಪಕರ್ಷಿಸಿ ಹೈಡ್ರೋಜನ್ ಪೆರಾಕ್ಸೈಡ್ ಪಡೆಯುವುದು ನನ್ನ ಪಿಎಚ್.ಡಿ. ಕೆಲಸದ ಒಂದು ಭಾಗ. 0.1 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ, ನಿಮಿಷಕ್ಕೆ 1600 ಸುತ್ತಿನ ವೇಗದಲ್ಲಿ, ರಿಂಗ್-ಡಿಸ್ಕ್ ಎಲೆಕ್ಟ್ರೋಡಿನ (ತಿರುಗುವ ಡಿಸ್ಕಿನಲ್ಲಿ ಆದ ಪೆರಾಕ್ಸೈಡನ್ನು ಸುತ್ತಲಿನ ರಿಂಗ್ ಅಳೆಯುತ್ತದೆ) ಮೇಲೆ 88% ಆಯ್ಕೆಶೀಲತೆ, ಅಂದರೆ ಆಮ್ಲಜನಕದಲ್ಲಿ ಪೆರಾಕ್ಸೈಡಾದ ಪಾಲು, ಬಂದಾಗ ಬಹಳ ಸಂತೋಷಪಟ್ಟೆ. ಆದರೆ ಅದೇ ಇಂಗಾಲವನ್ನು 1 ಚದರ ಸೆಂಟಿಮೀಟರ್ ಕಾರ್ಬನ್ ಪೇಪರಿಗೆ ದಪ್ಪಗೆ ಬಳಿದು, ನಡುವೆ ಗಾಜಿನ ಫ್ರಿಟ್ (ಸಣ್ಣ ರಂಧ್ರಗಳ ತಡೆ) ಇರುವ, ಎರಡು ಕೋಣೆಗಳ ಎಚ್-ಸೆಲ್‌ನಲ್ಲಿ ಶುದ್ಧ ಆಮ್ಲಜನಕ ಹಾಯಿಸುತ್ತ, 10 ಮಿಲಿಆಂಪಿಯರ್ ಕರೆಂಟನ್ನು ಎರಡು ಗಂಟೆ ಹರಿಸಿದೆ. ಕ್ಯಾಥೋಡಿನ ಕಡೆ 30 ಮಿಲಿಲೀಟರ್ ದ್ರಾವಣವಿತ್ತು. 72 ಕೂಲಂಬಿಗೆ 12.4 ಮಿಲಿಮೋಲಾರ್ ಸಿಗಬೇಕಿತ್ತು. ಪರ್ಮ್ಯಾಂಗನೇಟ್ ಟೈಟ್ರೇಷನ್ನಿನಲ್ಲಿ ಸಿಕ್ಕಿದ್ದು 4.2, ಅಂದರೆ 34% ಮಾತ್ರ. ದ್ರಾವಣವೂ ತಿಳಿ ಚಹಾದ ಬಣ್ಣಕ್ಕೆ ತಿರುಗಿತ್ತು. ವೇಗವರ್ಧಕವೇ ಪೆರಾಕ್ಸೈಡನ್ನು ವಿಘಟಿಸುತ್ತಿದೆಯೆಂದು, ಇಂಗಾಲವನ್ನು ಬದಲಿಸಬೇಕೆಂದು ಜೊತೆಯವರು ಹೇಳುತ್ತಿದ್ದಾರೆ. ತಮ್ಮ ಅಭಿಪ್ರಾಯವೇನು?

ಹಳೆಬ್ಯೂರೆಟ್ ಉತ್ತರಿಸಿದ್ದು:

ಇಂಗಾಲವನ್ನು ಬಿಸಾಡುವ ಮೊದಲು ಅಳತೆಯನ್ನು ಅನುಮಾನಿಸಿ. ನೈಟ್ರಿಕ್ ಆಮ್ಲದಲ್ಲಿ ಕುದಿಸಿದ ಇಂಗಾಲವು ಕ್ಷಾರಕ್ಕೆ ಬಿದ್ದೊಡನೆ, ಉತ್ಕರ್ಷಣೆಯಲ್ಲಿ ಮುರಿದು ಮೇಲ್ಮೈಗೆ ಅಂಟಿಕೊಂಡಿದ್ದ ಸಾವಯವ ಚೂರುಗಳನ್ನು ಬಿಟ್ಟುಕೊಡುತ್ತದೆ. ನಿಮ್ಮ ಚಹಾದ ಬಣ್ಣ ಬಹುಶಃ ಅದೇ. ಇವು ಪರ್ಮ್ಯಾಂಗನೇಟನ್ನೂ ತಿನ್ನುತ್ತವೆ. ಕೊನೆಯ ಹನಿಯ ಗುಲಾಬಿ ಬಣ್ಣ ನಿಲ್ಲದೆ ಅರ್ಧ ನಿಮಿಷದಲ್ಲಿ ಮಾಸುತ್ತಿದ್ದರೆ ಸಂದೇಹವೇ ಬೇಡ. ಆದ್ದರಿಂದ ನಿಮ್ಮ 4.2 ಕೂಡ ನಿಜಕ್ಕಿಂತ ಹೆಚ್ಚೇ ಇರಬಹುದು. ಟೈಟಾನಿಯಂ ಆಕ್ಸಿಸಲ್ಫೇಟ್ ಸೇರಿಸಿ, ಮೂಡುವ ಹಳದಿ ಬಣ್ಣವನ್ನು 410 ನ್ಯಾನೋಮೀಟರಿನ ಆಸುಪಾಸಿನಲ್ಲಿ ಅಳೆಯಿರಿ. ಕರೆಂಟ್ ಹರಿಸದೆ ಇಂಗಾಲವನ್ನಷ್ಟೇ ನೆನೆಸಿಟ್ಟ ದ್ರಾವಣವನ್ನೂ ಅಳೆದು ಕಳೆಯಿರಿ.

ವಿಘಟನೆಯ ಮಾತು ಸುಳ್ಳೆನ್ನಲಾರೆ. ಕರಟದ ಬೂದಿಯಲ್ಲಿ ಪೊಟ್ಯಾಸಿಯಂ ಹೇರಳ, ಅದರಿಂದ ತೊಂದರೆಯಿಲ್ಲ. ಕಬ್ಬಿಣ, ಮ್ಯಾಂಗನೀಸ್ ಲೇಶವಿದ್ದರೂ ಕ್ಷಾರದಲ್ಲಿ ಪೆರಾಕ್ಸೈಡ್ ಉಳಿಯುವುದಿಲ್ಲ. ಗೊತ್ತಿರುವ ಪ್ರಮಾಣದ ಪೆರಾಕ್ಸೈಡನ್ನು ಎಲೆಕ್ಟ್ರೋಡಿರುವ ಸೆಲ್‌ಗೆ ಹಾಕಿ, ಕರೆಂಟ್ ಕೊಡದೆ ಒಂದು ಗಂಟೆ ಬಿಟ್ಟು ನೋಡಿದರೆ ವಿಘಟನೆ ಎಷ್ಟೆಂಬುದು ತಿಳಿಯುತ್ತದೆ.

ಮಿತಿಯೊಳಗೆ ಉತ್ತರಿಸಿದ್ದು:

ಹಳೆಬ್ಯೂರೆಟ್ ಅವರ ಮಾತುಗಳನ್ನು ಒಪ್ಪುತ್ತೇನೆ, ಆದರೆ ಮುಖ್ಯ ಕಾರಣ ರಸಾಯನಕ್ಕಿಂತ ಮೊದಲು ಲೆಕ್ಕದಲ್ಲಿದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ಆಮ್ಲಜನಕ ಹಾಯಿಸಿದರೂ ನೀರಿನಲ್ಲಿ ಕರಗುವುದು ಸುಮಾರು 1.2 ಮಿಲಿಮೋಲಾರ್ ಮಾತ್ರ. 1600 ಸುತ್ತಿನಲ್ಲಿ ತಿರುಗುವ ಡಿಸ್ಕಿನ ಮೇಲೂ ನಾಲ್ಕು ಎಲೆಕ್ಟ್ರಾನಿನ ಮಿತಿ ಕರೆಂಟ್ (ಆಮ್ಲಜನಕ ಬಂದು ತಲುಪುವ ವೇಗ ಬಿಡುವಷ್ಟು ಗರಿಷ್ಠ ಕರೆಂಟ್) ಚದರ ಸೆಂಟಿಮೀಟರಿಗೆ 5.7 ಮಿಲಿಆಂಪಿಯರಿನ ಹತ್ತಿರವಿರುತ್ತದೆ. ಎರಡು ಎಲೆಕ್ಟ್ರಾನಿಗೆ ಅದರ ಅರ್ಧ. ನಿಮ್ಮ ಎಚ್-ಸೆಲ್‌ನಲ್ಲಿ ಕಾಂತದ ಕಡ್ಡಿ ಕಲಕುವುದು ಅಷ್ಟೂ ಚುರುಕಾಗಿರಲಾರದು. ಹೀಗಿರುವಾಗ 10 ಮಿಲಿಆಂಪಿಯರ್ ಕೇಳಿದರೆ, ಪೇಪರಿನ ಎರಡೂ ಬದಿ ದುಡಿದರೂ, ಆಮ್ಲಜನಕದಿಂದ ಪೆರಾಕ್ಸೈಡಿಗೆ ಹೋಗುವ ಪಾಲು ಮೂರನೆಯ ಒಂದರಿಂದ ಅರ್ಧದೊಳಗೇ ಉಳಿಯುತ್ತದೆ. ಮಿಕ್ಕ ಕರೆಂಟ್ ಆಗಲೇ ಆದ ಪೆರಾಕ್ಸೈಡನ್ನು ಮತ್ತೆ ಅಪಕರ್ಷಿಸಲು ಮತ್ತು ಹೈಡ್ರೋಜನ್ ಬಿಡಿಸಲು ಖರ್ಚಾಗುತ್ತದೆ. ಪ್ರಯೋಗದ ವೇಳೆ ವಿಭವ ಎಲ್ಲಿಗೆ ಇಳಿದಿತ್ತು ನೋಡಿ; ಆರ್‌ಎಚ್‌ಇ (ಹೈಡ್ರೋಜನ್ ಎಲೆಕ್ಟ್ರೋಡನ್ನು ಸೊನ್ನೆಯಾಗಿಟ್ಟ) ಮಾನದಲ್ಲಿ ಸೊನ್ನೆಗಿಂತ ಕೆಳಗೆ ಹೋಗಿದ್ದರೆ ಉತ್ತರ ಅಲ್ಲೇ ಇದೆ.

ಲೇಪದ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ತೆಳುವಾದ ಪದರದಿಂದ ಪೆರಾಕ್ಸೈಡ್ ಹುಟ್ಟಿದೊಡನೆ ಆಚೆ ಹೋಗುತ್ತದೆ, ದಪ್ಪ ಪದರದ ರಂಧ್ರಗಳಲ್ಲಿ ಸುತ್ತಾಡುತ್ತ ಎರಡನೆಯ ಬಾರಿ ಅಪಕರ್ಷಣೆಗೆ ಸಿಕ್ಕಿಬೀಳುತ್ತದೆ. ಲೇಪದ ಪ್ರಮಾಣ ಹೇಳದೆ ಆಯ್ಕೆಶೀಲತೆಯನ್ನಷ್ಟೇ ಹೇಳುವ ಪ್ರಬಂಧಗಳನ್ನು ಓದಿದಾಗ ನನಗೆ ಸಿಟ್ಟೇ ಬರುತ್ತದೆ.

ಕರಟದಮಸಿ ಮತ್ತೆ ಬರೆದದ್ದು:

ಇಬ್ಬರಿಗೂ ಧನ್ಯವಾದಗಳು. ವಿಭವ ನೋಡಿದೆ: ಮೈನಸ್ 0.2 ವೋಲ್ಟ್, ನಾಚಿಕೆಯಾಯಿತು. ಗುಲಾಬಿ ಬಣ್ಣವೂ ಹೇಳಿದ ಹಾಗೆಯೇ ಮಾಸುತ್ತಿತ್ತು. ಕರೆಂಟಿಲ್ಲದ ಪರೀಕ್ಷೆಯಲ್ಲಿ 5 ಮಿಲಿಮೋಲಾರ್ ಪೆರಾಕ್ಸೈಡು ಗಂಟೆಯಲ್ಲಿ 4.6ಕ್ಕೆ ಇಳಿಯಿತು, ಅಂದರೆ ವಿಘಟನೆ ಇದೆ, ಆದರೆ ಕಡಿಮೆ. ಲೇಪವನ್ನು ತೆಳುಗೊಳಿಸಿ, ಕರೆಂಟನ್ನು 2 ಮಿಲಿಆಂಪಿಯರಿಗೆ ತಗ್ಗಿಸಿ, ಟೈಟಾನಿಯಂ ವಿಧಾನದಲ್ಲಿ ಅಳೆದಾಗ ಮೊದಲ ಅರ್ಧ ಗಂಟೆಗೆ ಫ್ಯಾರಡೆ ದಕ್ಷತೆ (ಕರೆಂಟಿನಲ್ಲಿ ಪೆರಾಕ್ಸೈಡಿಗೆ ಹೋದ ಪಾಲು) 79% ಬಂದಿತು. ಎರಡು ಗಂಟೆ ಮುಗಿದಾಗ ಒಟ್ಟಾರೆ 61%. ಈ ಇಳಿತಕ್ಕೆ ಏನು ಕಾರಣ?

ಅನಿಲಪದರ ಉತ್ತರಿಸಿದ್ದು:

61%ರ ಲೆಕ್ಕದಲ್ಲಿ ನಿಮ್ಮ ದ್ರಾವಣದ ಪೆರಾಕ್ಸೈಡ್ 1.5 ಮಿಲಿಮೋಲಾರ್ ಮುಟ್ಟಿದೆ, ಅಂದರೆ ಕರಗಿದ ಆಮ್ಲಜನಕವನ್ನೂ ಮೀರಿದೆ. ಕ್ಯಾಥೋಡಿನ ಬಳಿ ಬರುವ ಅಣುಗಳಲ್ಲಿ ಪೆರಾಕ್ಸೈಡಿನ ಪಾಲು ಏರಿದಂತೆ ಅದು ಮತ್ತೆ ಅಪಕರ್ಷಣೆಗೊಳ್ಳುವ ಸಂಭವವೂ ಏರುತ್ತದೆ. ಇನ್ನೊಂದು ಸೋರಿಕೆ ಫ್ರಿಟ್‌ನದು. ಪೆರಾಕ್ಸೈಡಿನ ಪಿಕೆಎ (ಅರ್ಧದಷ್ಟು ಅಣುಗಳು ಪ್ರೋಟಾನ್ ಬಿಟ್ಟುಕೊಡುವ ಪಿಎಚ್) 11.6ರ ಸುಮಾರಿಗಿರುವುದರಿಂದ ನಿಮ್ಮ ಕ್ಷಾರದಲ್ಲಿ ಅದು ಬಹುಪಾಲು ಋಣ ಅಯಾನಾಗಿದೆ. ಋಣ ಅಯಾನು ಆನೋಡಿನ ಕಡೆ ಸಾಗಿ ಅಲ್ಲಿ ಉತ್ಕರ್ಷಣೆಗೊಂಡು ಆಮ್ಲಜನಕವಾಗುತ್ತದೆ. ಫ್ರಿಟ್ ಬದಲು ಧನ ಅಯಾನುಗಳನ್ನಷ್ಟೇ ಬಿಡುವ ನಾಫಿಯಾನ್ ಪೊರೆ ಹಾಕಿದರೆ ಇದು ಬಹಳಷ್ಟು ನಿಲ್ಲುತ್ತದೆ.

ಆದರೆ ನಿಜವಾದ ದಾರಿ ಆಮ್ಲಜನಕವನ್ನು ನೀರಿನಲ್ಲಿ ಕರಗಿಸದೆ ಅನಿಲವಾಗಿಯೇ ಇಂಗಾಲಕ್ಕೆ ಮುಟ್ಟಿಸುವುದು. ಇದು ಹೊಸದೇನಲ್ಲ. ಸಕ್ರಿಯ ಇಂಗಾಲದ ಕ್ಯಾಥೋಡಿನಲ್ಲಿ ಪೆರಾಕ್ಸೈಡ್ ಮಾಡಬಹುದೆಂದು ಅರ್ನ್ಸ್ಟ್ ಬರ್ಲ್ 1939ರಲ್ಲೇ ಪ್ರಕಟಿಸಿದ್ದರು. ಮುಂದೆ ಡೌ-ಹ್ಯುರಾನ್ ವಿಧಾನದಲ್ಲಿ ಕಾರ್ಬನ್ ಬ್ಲ್ಯಾಕ್ ಮತ್ತು ಟೆಫ್ಲಾನ್ ಬಳಿದ ಗ್ರ್ಯಾಫೈಟ್ ಹರಳುಗಳ ಹಾಸಿನ ಮೇಲೆ ಕ್ಷಾರವನ್ನೂ ಆಮ್ಲಜನಕವನ್ನೂ ಒಟ್ಟಿಗೆ ಹರಿಸಿ, ಕಾಗದದ ತಿರುಳನ್ನು ಬಿಳಿಚಿಸಲು ಬೇಕಾದ ಪೆರಾಕ್ಸೈಡನ್ನು ಕಾರ್ಖಾನೆಯಲ್ಲೇ ತಯಾರಿಸಿದರು. ಅಲ್ಲಿ ಹೇಗೂ ಕ್ಷಾರ ಬೇಕು, ಆದ್ದರಿಂದ ಬೇರ್ಪಡಿಸುವ ತಾಪತ್ರಯವಿಲ್ಲ. ಕ್ಷಾರವೂ ಲವಣವೂ ಇಲ್ಲದ ಶುದ್ಧ ಪೆರಾಕ್ಸೈಡ್ ಬೇಕೆನ್ನುವವರಿಗಾಗಿ ರೈಸ್ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಘನ ಎಲೆಕ್ಟ್ರೋಲೈಟ್ ಇಟ್ಟು, ಉತ್ಕರ್ಷಿತ ಕಾರ್ಬನ್ ಬ್ಲ್ಯಾಕ್ ಕ್ಯಾಥೋಡಿನಿಂದ ತೂಕದಲ್ಲಿ 20%ದವರೆಗಿನ ದ್ರಾವಣ ಪಡೆದು ತೋರಿಸಿತು. ಇವತ್ತಿಗೂ ಜಗತ್ತಿನ ಪೆರಾಕ್ಸೈಡಿನ ಬಹುಪಾಲು ಪಲೇಡಿಯಂ ಬಳಸುವ ಆಂಥ್ರಾಕ್ವಿನೋನ್ ವಿಧಾನದಲ್ಲೇ ದೊಡ್ಡ ಸ್ಥಾವರಗಳಲ್ಲಿ ತಯಾರಾಗುತ್ತದೆ. ಬೇಕಾದಲ್ಲೇ ಬೇಕಾದಷ್ಟು ತಯಾರಿಸುವುದೊಂದೇ ಇಂಗಾಲಕ್ಕಿರುವ ಎಡೆ ಎಂದು ನನ್ನ ಎಣಿಕೆ.

ನಿಮ್ಮ ಇಂಗಾಲವನ್ನು ಬದಲಿಸಬೇಡಿ. ಟೆಫ್ಲಾನ್ ಹಚ್ಚಿದ ಅನಿಲ ವಿಸರಣ ಪದರದ ಮೇಲೆ ತೆಳುವಾಗಿ ಬಳಿದು, ಹಿಂಬದಿಯಿಂದ ಆಮ್ಲಜನಕ ಕೊಡಿ. ಒಂದು ಎಚ್ಚರಿಕೆ: ನೈಟ್ರಿಕ್ ಆಮ್ಲ ಕಂಡ ಇಂಗಾಲ ನೀರನ್ನು ಬಲು ಪ್ರೀತಿಸುತ್ತದೆ, ರಂಧ್ರಗಳಲ್ಲಿ ನೀರು ತುಂಬಿಕೊಂಡರೆ ಅನಿಲಕ್ಕೆ ದಾರಿಯಿರುವುದಿಲ್ಲ. ಪದರದ ಹಿಂಬದಿಯಲ್ಲಿ ಬೆವರಿನಂತೆ ಹನಿಗಳು ಕಂಡೊಡನೆ ಕರೆಂಟ್ ನಿಲ್ಲಿಸಿ, ಮುಂದಿನ ಲೇಪಕ್ಕೆ ಟೆಫ್ಲಾನಿನ ಪಾಲು ಹೆಚ್ಚಿಸಿ.