ಪದ ಬೇಕಿತ್ತು: ಹೀಟ್, ಟೆಂಪರೇಚರ್, ಎಂಟ್ರೊಪಿ (ನಾಳೆಯೇ ಬೇಕು)

ಉಡುಪಿಯಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಪಿಯು ಕಾಲೇಜಿನ ಫಿಸಿಕ್ಸ್ ಲ್ಯಾಬಿನ ಗೋಡೆಗೆ ಥರ್ಮೋಡೈನಮಿಕ್ಸ್ ನಿಯಮಗಳನ್ನು ಕನ್ನಡದಲ್ಲಿ ಬರೆಸಬೇಕು. ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾರೆ. ಎರಡನೇ ನಿಯಮಕ್ಕೆ "ಉಷ್ಣತೆ ತಾನಾಗಿ ತಣ್ಣನೆಯ ವಸ್ತುವಿನಿಂದ ಬಿಸಿ ವಸ್ತುವಿಗೆ ಹರಿಯುವುದಿಲ್ಲ" ಎಂದು ಬರೆದಿದ್ದೇನೆ. ಸರಿ ಉಂಟಾ? ಎಂಟ್ರೊಪಿಗೆ "ಅವ್ಯವಸ್ಥೆ" ಸಾಕಾ?

ಮಂಗಳೂರಿನಿಂದ:
"ಉಷ್ಣತೆ" ಬೇಡ, "ಉಷ್ಣ"ವೂ ಬೇಡ. "ಕಾವು" ಉಂಟಲ್ಲ. ಕಾಯು, ಕಾಯಿಸು, ಕಾವು, ದೋಸೆಯ ಕಾವಲಿ, ಎಲ್ಲದಕ್ಕೂ ಒಂದೇ ಬೇರು. ಕಿಟ್ಟೆಲ್ ಕೋಶ 1894ರಲ್ಲಿ ಅಚ್ಚಾದದ್ದು ಇದೇ ಊರಿನಲ್ಲಿ. ಅದನ್ನು ತೆರೆದು ನೋಡಲಿಕ್ಕೂ ನಮಗೆ ಪುರುಸೊತ್ತಿಲ್ಲವಾ? ಟೆಂಪರೇಚರಿಗೆ "ಬಿಸುಪು" ಎನ್ನಿ. ಸಂಸ್ಕೃತದ ಸಾಲ ಸಾಕು.

ಮಣಿಪಾಲದಿಂದ:
ಸಾಲದ ಜಗಳ ಆಮೇಲೆ, ಪೇಂಟರ್ ಕೆಲಸ ಮೊದಲು. "ಉಷ್ಣತೆ ಹರಿಯುವುದಿಲ್ಲ" ಎಂದು ಬರೆಸಬೇಡಿ. "ತೆ" ಹತ್ತಿದ ಮೇಲೆ ಅದು ಗುಣ. ಗುಣ ಹರಿಯುವುದಿಲ್ಲ ಮಾರಾಯ್ರೆ, ಹರಿಯುವುದು ಉಷ್ಣ, ಅಂದರೆ ಹೀಟ್.

ಮಲ್ಪೆ ಬಂದರಿನಲ್ಲಿ ಬಂಗುಡೆಯ ಪೆಟ್ಟಿಗೆಗೆ ಸುರಿಯುವ ಐಸನ್ನೇ ನೋಡಿ. ಒಂದು ಗ್ರಾಂ ಐಸ್ ಕರಗುವಾಗ ಮೀನಿನಿಂದ, ಗಾಳಿಯಿಂದ ಸುಮಾರು 334 ಜೂಲ್ ಉಷ್ಣ ಎಳೆದುಕೊಳ್ಳುತ್ತದೆ. ಆದರೂ ಪೂರ್ತಿ ನೀರಾಗುವವರೆಗೆ ಅದರ ತಾಪ (ಟೆಂಪರೇಚರ್) ಸೊನ್ನೆ ಡಿಗ್ರಿ ಬಿಟ್ಟು ಕದಲುವುದಿಲ್ಲ. ಉಷ್ಣ ಒಳಗೆ ಹೋಯಿತು, ತಾಪ ಏರಲಿಲ್ಲ. ಎರಡಕ್ಕೂ ಒಂದೇ ಪದ ಇಟ್ಟರೆ ಮಕ್ಕಳಿಗೆ ಇದನ್ನು ಹೇಳುವುದು ಹೇಗೆ?

"ಕಾವು" ಒಳ್ಳೆಯ ಪದವೇ. ಆದರೆ ಮಾತಿನಲ್ಲಿ ಕಾವು ಏರುತ್ತದೆ, ಇಳಿಯುತ್ತದೆ. ಏರಿ ಇಳಿಯುವುದು ಟೆಂಪರೇಚರ್ ಅಲ್ವಾ? ಮತ್ತೆ ಅದೇ ಗೊಂದಲ.

"ಅವ್ಯವಸ್ಥೆ" ಅಂತೂ ಬೇಡವೇ ಬೇಡ. ಎಂಟ್ರೊಪಿ ಲೆಕ್ಕಕ್ಕೆ ಸಿಗುವಂಥದ್ದು. ಆ 334 ಜೂಲನ್ನು ಐಸಿನ ತಾಪದಿಂದ, ಅಂದರೆ ಸೊನ್ನೆ ಡಿಗ್ರಿಗೆ ಸಮನಾದ 273 ಕೆಲ್ವಿನ್‌ನಿಂದ ಭಾಗಿಸಿ. ಕರಗಿದ ಒಂದು ಗ್ರಾಂ ಐಸಿನ ಎಂಟ್ರೊಪಿ ಸುಮಾರು 1.22 ಜೂಲ್ ಪ್ರತಿ ಕೆಲ್ವಿನ್ ಹೆಚ್ಚಿತು. ಅವ್ಯವಸ್ಥೆ ಎಂದರೆ ಮಕ್ಕಳಿಗೆ ಚೆಲ್ಲಾಪಿಲ್ಲಿಯಾದ ಕೋಣೆ ನೆನಪಾಗುತ್ತದೆ, ಈ ಭಾಗಾಕಾರ ಅಲ್ಲ. ಜರ್ಮನ್ ವಿಜ್ಞಾನಿ ಕ್ಲಾಸಿಯಸ್ 1865ರಲ್ಲಿ ಆ ಪದ ಕಟ್ಟಿದಾಗ ತನ್ನ ಜರ್ಮನ್ನಿನ ಬೇರು ಹುಡುಕಲಿಲ್ಲ. ಎಲ್ಲ ಭಾಷೆಗಳಲ್ಲೂ ಒಂದೇ ಅರ್ಥ ನಿಲ್ಲಲಿ ಎಂದೇ ಗ್ರೀಕಿಗೆ ಹೋದರು. ನಾವೂ "ಎಂಟ್ರೊಪಿ" ಎಂದೇ ಬರೆಯೋಣ.

ಮಂಗಳೂರಿನಿಂದ:
ಒಪ್ಪುವುದಿಲ್ಲ. "ತಾಪ"ಕ್ಕೆ ಮನಸ್ತಾಪ, ಪಶ್ಚಾತ್ತಾಪ ಎಲ್ಲ ಇಲ್ಲವಾ? ಅಲ್ಲಿ ಅಡ್ಡಿ ಬಾರದ ಗೊಂದಲ "ಕಾವು" ಪದಕ್ಕೆ ಮಾತ್ರ ಯಾಕೆ? ಬಳಸಿದರೆ ಅರ್ಥ ತಾನಾಗಿ ಗಟ್ಟಿಯಾಗುತ್ತದೆ. ಸುಮ್ನೆ ಬಳಸುವುದೇ ಇಲ್ಲ ನಾವು.

ಮಣಿಪಾಲದಿಂದ:
ಮನಸ್ತಾಪವನ್ನು ಥರ್ಮಾಮೀಟರಿನಲ್ಲಿ ಯಾರೂ ಅಳೆಯುವುದಿಲ್ಲ. ಉಷ್ಣ, ತಾಪ ಎರಡನ್ನೂ ಮಕ್ಕಳು ಶಾಲೆಯ ಪುಸ್ತಕದಲ್ಲೇ ಓದಿ ಬಂದಿದ್ದಾರೆ. ಪಿಯುಸಿಗೆ ಬಂದ ಮೇಲೆ ಬದಲಾಯಿಸುವುದು ಅನ್ಯಾಯ.

ಉಡುಪಿಯಿಂದ:
ಇಬ್ಬರಿಗೂ ಥ್ಯಾಂಕ್ಸ್. ಹೀಗೆ ಬರೆಸುತ್ತೇನೆ: "ಉಷ್ಣ ತಾನಾಗಿ ಕಡಿಮೆ ತಾಪದ ವಸ್ತುವಿನಿಂದ ಹೆಚ್ಚು ತಾಪದ ವಸ್ತುವಿಗೆ ಹರಿಯುವುದಿಲ್ಲ." ಮೂರನೇ ನಿಯಮದಲ್ಲಿ ತಾಪದ ಕಟ್ಟಕಡೆಯ ಕೆಳಮಿತಿಗೆ "ನಿರಪೇಕ್ಷ ಶೂನ್ಯ" ಎಂದು ಹಾಕಿ, ಪಕ್ಕದಲ್ಲೇ ಮೈನಸ್ 273.15 ಡಿಗ್ರಿ ಸೆಲ್ಸಿಯಸ್ ಎಂದು ಬರೆಸಿದರೆ ಆಗಬಹುದಾ? ರಾತ್ರಿಯೊಳಗೆ ಹೇಳಿ.